ಎದುರುಮನೆಯ ಅತ್ತೆ

ಅವರೆಕಾಳು ಹಿದುಕುತ್ತಾ ಕೂತಿದ್ದೆ. ಹಿಂದಿನ ದಿನ ನೆನೆಹಾಕಿದ್ದ ಕಾಳು ಹದವಾಗಿ ಉಬ್ಬಿತ್ತು. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಬೋಗುಣಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅರ್ಧ ಬೋಗುಣಿ ತುಂಬಿರಬೇಕು, ಬಾಗಿಲಲ್ಲಿ "ಅಕ್ಕಾ" ಎಂಬ ದನಿ ಕೇಳಿತು. ಕುಣಿಗಲ್‌ನ ಹುಡುಗ, ಹುಡುಗ ಎಂದೆ, ಅವನಿಗೂ ಈಗ ಮೀಸೆ ನರೆಯುತ್ತಿದೆ. ಎದುರುಮನೆಯಲ್ಲಿದ್ದಾಕೆಯ ತಮ್ಮನ ಮಗ. ಚಪ್ಪಲಿ ಬಿಡದೆ ಹೊಸ್ತಿಲಿನ ಆಚೆಯೇ ನಿಂತಿದ್ದ. ಸಾವಿನ ಸುದ್ದಿ ತಂದವರು ಒಳಗೆ ಬರುವುದಿಲ್ಲ, ನೀರೂ ಮುಟ್ಟುವುದಿಲ್ಲ. ಅವನು ನಿಂತ ರೀತಿಯಲ್ಲೇ ನನಗೆ ಗೊತ್ತಾಗಿಹೋಯಿತು.

"ನಮ್ಮತ್ತೆ ಹೋಗ್ಬುಟ್ರು ಕಣಕ್ಕ, ನೆನ್ನೆ ಬೆಳಿಗ್ಗೆ. ಗಂಜಿ ಕುಡುದ್ರು, ಲೋಟ ಕೆಳಗಿಟ್ರು, ಗೋಡೆಗೆ ಒರಗಿದ್ರು, ಅಷ್ಟೇಯ. ನಾಳೆ ಹಾಲು-ತುಪ್ಪ ಮಾಡ್ತಿದೀವಿ. ನಿಮಗೆ ಹೇಳದೆ ಹೋದ್ರೆ ಅವರೇ ಎದ್ದು ಬಂದು ಬೈಯ್ತಾರೆ ಅಂತ ಬಂದೆ."

ಲೋಟ ಕೆಳಗಿಡುವಷ್ಟು ಪುರುಸೊತ್ತು ಕೊಟ್ಟನಲ್ಲ ಶಿವ, ಅದೇ ದೊಡ್ಡದು. ಹಾಸಿಗೆ ಹಿಡಿಸಲಿಲ್ಲ, ಯಾರ ಕೈಯಲ್ಲೂ ಬಾಯಿಗೆ ನೀರು ಬಿಡಿಸಿಕೊಳ್ಳಲಿಲ್ಲ. ಅವನಿಗೆ ಆಕೆ ರಕ್ತದ ಅತ್ತೆ. ನಮ್ಮ ಬೀದಿಯಲ್ಲಿ ಬಂದುಹೋದ ಇನ್ನೆಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಅತ್ತೆ.

ನಾನು ಗುಬ್ಬಿಯವಳು. ಮದುವೆಯಾಗಿ ತುಮಕೂರಿಗೆ ಬಂದದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ನಮ್ಮವರು ಬೆಳಿಗ್ಗೆ ಸೈಕಲ್ ಹತ್ತಿ ಕೆಲಸಕ್ಕೆ ಹೋದರೆ ಮತ್ತೆ ದೀಪ ಹಚ್ಚುವ ಹೊತ್ತಿಗೇ ಬರುತ್ತಿದ್ದುದು. ಹೊಸ ಊರು, ಹೊಸ ಬೀದಿ. ಕಿಟಕಿ ತೆಗೆದರೆ ಕಾಣುತ್ತಿದ್ದುದು ಎದುರುಮನೆಯ ಜಗಲಿ, ಅದರ ಮೇಲೆ ಕಾಲು ಚಾಚಿ ಕೂತ ಈಕೆ. ಎತ್ತರದ ಹೆಂಗಸು, ಬಡಕಲು ಮೈ, ಆದರೆ ಕೈಗಳು ಮಾತ್ರ ಗಂಡಸಿನ ಕೈಗಳಷ್ಟು ಅಗಲ. ಗಂಡ ಕೋರ್ಟಿನ ಸಮನ್ಸು ಹಂಚುವ ಅಮೀನನಾಗಿದ್ದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅದರ ಬಗ್ಗೆ ಆಕೆ ಒಂದು ದಿನವೂ ನನ್ನ ಹತ್ತಿರ ಮಾತು ತೆಗೆಯಲಿಲ್ಲ, ನಾನೂ ಕೆದಕಲಿಲ್ಲ.

ಕೋರ್ಟಿನವರಿಗೆ ಆ ಮನೆ ಗೊತ್ತಿದ್ದರಿಂದಲೇ ಇದೆಲ್ಲ ಶುರುವಾದದ್ದು. ಬಸ್‌ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ದಿಕ್ಕಿಲ್ಲದೆ ಸಿಕ್ಕ ಹೆಣ್ಣುಮಕ್ಕಳನ್ನು ಆಗ ಬೆಂಗಳೂರಿನ ಸರ್ಕಾರಿ ಮನೆಗೆ ಕಳಿಸಬೇಕಿತ್ತು. ಅದಕ್ಕೆ ಮ್ಯಾಜಿಸ್ಟ್ರೇಟರ ಆರ್ಡರ್ ಆಗಬೇಕು, ಕರೆದುಕೊಂಡು ಹೋಗಲು ಹೆಂಗಸೊಬ್ಬಳು ಸಿಗಬೇಕು. ಅಲ್ಲಿಯವರೆಗೆ ಆ ಕೂಸುಗಳನ್ನು ಠಾಣೆಯಲ್ಲಿ ಇಡುವುದೆಲ್ಲಿ? ಮಕ್ಕಳ ಕೇಸು ನೋಡುವ ಪ್ರೊಬೇಷನ್ ಆಫೀಸರು ಒಂದು ಸಂಜೆ ಆಕೆಯ ಜಗಲಿಯ ಮುಂದೆ ನಿಂತು, "ಎರಡು ದಿನ ಇಟ್ಕೊಳಿ ಅಮ್ಮಾ, ಪುಣ್ಯ ಬರುತ್ತೆ" ಎಂದರಂತೆ. "ಪುಣ್ಯ ನೀವೇ ಇಟ್ಕೊಳಿ ಸಾಮಿ, ಕೂಸ್ನ ಇತ್ಲಾಗ್ ಕೊಡಿ" ಎಂದಳಂತೆ ಈಕೆ. ಆ ಎರಡು ದಿನ ವರ್ಷಗಟ್ಟಲೆ ನಡೆಯಿತು. ಒಂದು ಮಗು ಹೋದರೆ ಇನ್ನೊಂದು. ಕೆಲವು ಒಂದು ರಾತ್ರಿ ಇದ್ದು ಹೋದವು, ಕೆಲವು ಹಬ್ಬ ಮಾಡಿಕೊಂಡು ಹೋದವು.

ಆಕೆಗೆ ಕೆಲವು ಕಟ್ಟುಪಾಡುಗಳಿದ್ದವು. ಬಂದ ದಿನ ಮಗುವಿಗೆ ಸ್ನಾನ ಮಾಡಿಸುತ್ತಿರಲಿಲ್ಲ. ಎಷ್ಟೇ ಕೊಳಕಾಗಿದ್ದರೂ ಕೈಕಾಲು ಮುಖ ತೊಳೆಸಿ, ಉಣ್ಣಿಸಿ, ಮಲಗಿಸುತ್ತಿದ್ದಳು. ನಾನು ಮಡಿ ಹುಚ್ಚಿನವಳು. "ಅಕ್ಕಾ, ನಾನೇ ನೀರು ಕಾಯಿಸಿ ಕೊಡ್ತೀನಿ, ಎರಡು ಚೊಂಬು ಹುಯ್ಯಬಾರದಾ?" ಎಂದರೆ, "ನಾಳಿಕ್ಕೆ ಹುಯ್ದ್ರಾಯ್ತು ಕಣಮ್ಮಿ. ಇವತ್ತು ಅದರ ಮೈಮೇಲೆ ಅವರಮ್ಮನ ವಾಸ್ನೆ ಅದೆ. ಅದ್ನೂ ತೊಳ್ದುಬುಟ್ರೆ ಕೂಸಿಗೆ ಇನ್ನೇನದೆ?" ಎನ್ನುತ್ತಿದ್ದಳು.

ಎರಡನೆಯದು, ಯಾವ ಮಗುವೂ ಆಕೆಯನ್ನು ಅಮ್ಮ ಎನ್ನುವಂತಿಲ್ಲ. ಮೊದಲ ತುತ್ತು ಬಾಯಿಗಿಡುವ ಮುಂಚೆಯೇ ಪಾಠ: "ನಾನು ಯಾರು? ಅತ್ತೆ. ಎಲ್ಲಿ, ಅನ್ನು. ಅತ್ತೆ. ನೀನು ಅತ್ತೆ ಮನೆಗೆ ಬಂದಿದೀಯ, ನಾಕು ದಿನ ಉಂಡು ಹೋಯ್ತೀಯ." ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. "ಅತ್ತೆದೀರು ಎಷ್ಟು ಜನ ಬೇಕಾದ್ರೂ ಇರ್ಬೋದು ಕಣಮ್ಮಿ. ಇನ್ನೊಂದು ಜಾಗದಲ್ಲಿ ಯಾರೋ ಕುಂತವ್ರೆ. ಕುಂತವ್ರನ್ನ ಎಬ್ಬಿಸಿ ನಾವು ಕೂರಬಾರ್ದು. ನಾನು ಈ ಜಗಲಿ ಇದ್ದಂಗೆ. ಕೂರ್ತಾರೆ, ಸುಧಾರಿಸ್ಕೋತಾರೆ, ಎದ್ದು ಹೋಯ್ತಾರೆ. ಜಗಲಿನ ಯಾರೂ ಹೊತ್ಕಂಡು ಹೋಗಕಿಲ್ಲ" ಎಂದಳು. ಮಕ್ಕಳನ್ನು ತಂದು ಬಿಡುತ್ತಿದ್ದ ಪೊಲೀಸಪ್ಪನಿಗೆ ಇದೊಂದು ತಮಾಷೆ. "ಕಳ್ಳರಿಗೆ ನಮ್ಮ ಠಾಣೆ ಮಾವನ ಮನೆ, ಮಕ್ಕಳಿಗೆ ನಿಮ್ಮದು ಅತ್ತೆ ಮನೆ. ನೀವೂ ನಾವೂ ನೆಂಟರೇ ಬುಡಿ" ಎನ್ನುತ್ತಿದ್ದ. "ನಿನ್ನಂತ ನೆಂಟ ಬಂದ್ರೆ ನಮ್ಮನೆ ತಂಬಿಗೆನೂ ಕಾಣೆಯಾಗ್ತದೆ, ನಡಿ ನಡಿ" ಎಂದು ಆಕೆ ಓಡಿಸುತ್ತಿದ್ದಳು.

ಮೂಲೆಮನೆಯಲ್ಲಿ ಒಬ್ಬರು ಮೇಷ್ಟರ ಹೆಂಡತಿ ಇದ್ದರು. ನಾನು ಅವರನ್ನು ದೂರುವುದಿಲ್ಲ, ನನ್ನ ಮನಸ್ಸಿನಲ್ಲಿದ್ದುದನ್ನೇ ಅವರು ಬಾಯಿಬಿಟ್ಟು ಕೇಳುತ್ತಿದ್ದರು. "ಅಲ್ಲಾರೀ, ಹಿಂದೆ ಮುಂದೆ ನೋಡದೆ ಒಳಗೆ ಕರ್ಕೋತೀರಲ್ಲ, ಯಾವ ಜನವೋ ಏನೋ?" ಎಂದರು ಒಂದು ದಿನ. ಈಕೆ ಮಗುವಿನ ತಲೆ ಬಾಚುತ್ತಿದ್ದವಳು ಬಾಚಣಿಗೆ ನಿಲ್ಲಿಸಲಿಲ್ಲ. "ನಾಕು ವರ್ಸದ ಜನ ಕಣವ್ವ" ಎಂದಳು.

ಒಂದು ಹುಡುಗಿ ಬಂದಿತ್ತು, ರೊಟ್ಟಿ ಬಚ್ಚಿಡುವುದು. ಉಣ್ಣಲು ಕೊಟ್ಟದ್ದರಲ್ಲಿ ಅರ್ಧ ಚಾಪೆಯ ಕೆಳಗೆ ಹೋಗುತ್ತಿತ್ತು. ಇರುವೆ ಸಾಲು ಬೀದಿ ದಾಟಿ ನಮ್ಮ ಮನೆಯ ದೇವರ ಗೂಡಿಗೂ ಬಂತು. ನಾನು ಹೋಗಿ ಹೇಳಿದೆ. ಆಕೆ ಮಗುವನ್ನು ಗದರಲಿಲ್ಲ. ಒಂದು ಬಿಸ್ಕತ್ತಿನ ಡಬ್ಬಿ ಹುಡುಕಿ, ಒಣಗಿಸಿದ ರೊಟ್ಟಿ ತುಂಬಿ, ಮುಚ್ಚಳ ಹಾಕಿ ಮಗುವಿನ ತಲೆದೆಸೆಗೆ ಇಟ್ಟಳು. "ಇಕಾ, ಇದು ನಿಂದು. ಯಾರೂ ಮುಟ್ಟಕಿಲ್ಲ. ಖಾಲಿಯಾದ್ರೆ ಅತ್ತೆಗೆ ಹೇಳು, ತುಂಬಿಸ್ತೀನಿ." ಆ ಮಗು ಡಬ್ಬಿಯನ್ನು ತಬ್ಬಿಕೊಂಡೇ ಮಲಗುತ್ತಿತ್ತು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಡಬ್ಬಿ ಅಂಗಳದಲ್ಲಿ ಬಿದ್ದಿತ್ತು, ಮಗು ಬೀದಿಯ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಿತ್ತು. ಆಕೆ ನನಗೆ ಕಣ್ಣಲ್ಲೇ ತೋರಿಸಿ ನಕ್ಕಳು. ಆಕೆ ಹಲ್ಲು ಕಾಣುವಂತೆ ನಕ್ಕದ್ದು ನಾನು ಕಂಡದ್ದೇ ಕಡಿಮೆ.

ಮಗು ಹೊರಡುವ ದಿನ ನನಗೆ ಕರೆ ಬರುತ್ತಿತ್ತು. ತವರಿನಿಂದ ಹೊರಟ ಹೆಣ್ಣಿಗೆ ಮಡಿಲು ತುಂಬುವುದಿಲ್ಲವೇ, ಹಾಗೆಯೇ ಆ ಕೂಸುಗಳಿಗೂ ಲಂಗದ ಮಡಿಲೊಡ್ಡಿಸಿ ಅಕ್ಕಿ, ಬೆಲ್ಲದ ಅಚ್ಚು, ತೆಂಗಿನಕಾಯಿ ಹಾಕಿಸುತ್ತಿದ್ದಳು. ಹಣೆಗೆ ಕುಂಕುಮ ಇಡಲು ತಾನು ಮುಂದೆ ಬರುತ್ತಿರಲಿಲ್ಲ. "ನೀನು ಮುತ್ತೈದೆ, ನೀನು ತುಂಬು" ಎಂದು ಗೋಡೆಯ ಪಕ್ಕ ನಿಲ್ಲುತ್ತಿದ್ದಳು. "ನಿಮ್ಮ ಕೈಯ್ಯೇ ಸಾಕಲ್ಲಕ್ಕಾ" ಎಂದರೆ ಕೇಳುತ್ತಿರಲಿಲ್ಲ. ಬೆಂಗಳೂರಿಗೆ ಹೋಗುವ ಮಗುವಿಗೂ ಅಷ್ಟೇ, ತಾಯಿತಂದೆ ಸಿಕ್ಕಿ ಊರಿಗೆ ಹೋಗುವ ಮಗುವಿಗೂ ಅಷ್ಟೇ. "ಬರಿಗೈಲಿ ಬಂತು, ಬರಿಗೈಲಿ ಹೋಗಬಾರ್ದು."

ಇಷ್ಟು ಗಟ್ಟಿಯಾಗಿದ್ದವಳು ಒಂದೇ ಒಂದು ಸಲ ತನ್ನ ಕಟ್ಟುಪಾಡು ತಾನೇ ಮುರಿದಳು. ಅದು ರತ್ನಿಯ ವಿಷಯದಲ್ಲಿ.

ಗಣೇಶನ ಹಬ್ಬ ಕಳೆದ ಮೇಲೆ ಬಂದ ಮಗು ಅದು. ಮೂರು ತುಂಬಿತ್ತೋ ಇಲ್ಲವೋ. ಕೂಲಿ ಮಾಡುತ್ತಿದ್ದ ತಾಯಿ ಗುಬ್ಬಿಯ ರೈಲ್ವೆ ಸ್ಟೇಷನ್ನಿನಲ್ಲಿ ರಕ್ತ ಕಾರಿ ಬಿದ್ದಳಂತೆ. ಅಲ್ಲಿದ್ದವರು ಗಾಬರಿಯಲ್ಲಿ ಆಕೆಯನ್ನು ಸಿಕ್ಕಿದ ಲಾರಿಗೆ ಹಾಕಿ ಆಸ್ಪತ್ರೆಗೆ ಸಾಗಿಸಿದರು, ಮಗು ಗುಂಪಿನ ಕಾಲ ಸಂದಿಯಲ್ಲಿ ಉಳಿಯಿತು. ಗಂಡ ಎಂದೋ ಬಿಟ್ಟುಹೋಗಿದ್ದ. ತಾಯಿಯನ್ನು ಕ್ಷಯ ಎಂದು ಬೆಂಗಳೂರಿಗೆ ಕಳಿಸಿದ್ದಾರೆ, ಉಳಿಯುವುದು ಕಷ್ಟ ಎಂದು ಆಫೀಸರು ಹೇಳಿದರು. ತಾಯಿಯ ಗತಿ ಏನೆಂದು ತಿಳಿಯುವವರೆಗೆ ಮಗುವನ್ನು ಎಲ್ಲಿಗೂ ಕಳಿಸುವಂತಿರಲಿಲ್ಲ, ಹಾಗಾಗಿ ಅದು ಅತ್ತೆ ಮನೆಯಲ್ಲೇ ಉಳಿಯಿತು.

ಬಂದ ವಾರದಲ್ಲೇ ಮಗುವಿಗೆ ಜ್ವರ ಏರಿತು. ನಾನು ಮಠದಿಂದ ತಂದ ವಿಭೂತಿ ಹಚ್ಚಿದೆ, ಡಾಕ್ಟರ ಔಷಧಿಯೂ ಆಯಿತು. ಜ್ವರದ ತಾಪದಲ್ಲಿ ಮಗು "ಅಮ್ಮಾ, ಅಮ್ಮಾ" ಎಂದು ಒಂದೇ ಸಮ ಕೂಗುತ್ತಿತ್ತು. ಈಕೆ ಒದ್ದೆಬಟ್ಟೆ ಬದಲಿಸುತ್ತಾ ಕೂತಿದ್ದಳು. ಎಷ್ಟೋ ಹೊತ್ತು ತುಟಿ ಬಿಗಿಹಿಡಿದಿದ್ದವಳು ಕೊನೆಗೆ, "ಊಂ, ಇಲ್ಲೇ ಇವ್ನಿ ಮಗಾ" ಎಂದಳು. ಮಗು ಕಣ್ಣು ಮುಚ್ಚಿ ನಿದ್ದೆ ಹೋಯಿತು. ನಾನು ಪಕ್ಕದಲ್ಲೇ ಇದ್ದೆ. ಆಕೆ ನನ್ನ ಮುಖ ನೋಡಲಿಲ್ಲ.

ಜ್ವರ ಬಿಟ್ಟಿತು, ಶಿವನ ದಯ. ಕೂಗು ಬಿಡಲಿಲ್ಲ. ಸಂಕ್ರಾಂತಿಗೆ ರತ್ನಿ ಹೊಸ ಲಂಗ ತೊಟ್ಟು ನಮ್ಮ ಮನೆಗೆ ಎಳ್ಳು ತಂದಿತು. "ಅಮ್ಮ ಕೊತ್ತು ಬಾ ಅಂದ್ಲು" ಎಂದಿತು. ಅದು ಕುಣಿಯುತ್ತಾ ಹೋದ ಮೇಲೆ ನಾನು ಆಕೆಯ ಜಗಲಿಗೆ ಹೋದೆ.

"ಅಕ್ಕಾ, ಅದು ನಿಮ್ಮನ್ನ ಅಮ್ಮ ಅಂತಿದೆ."

"ಗೊತ್ತು."

"ಅತ್ತೆ ಅನ್ನೋದು ಹೇಳ್ಕೊಡಲ್ವಾ?"

"ನಾಳಿಕ್ಕೆ ಹೇಳ್ತೀನಿ ಬುಡು."

ನಾಳಿಕ್ಕೆ ಎಂದವಳು ಹೇಳಿಕೊಡಲಿಲ್ಲ. ಆ ದಿನಗಳಲ್ಲಿ ಆಕೆಯ ಮುಖ ಬೇರೆಯೇ ಇತ್ತು. ಬಾಗಿಲಲ್ಲಿ ನಿಂತು ಮಗುವಿನ ಹೆಸರು ಕೂಗುವಾಗ ದನಿಯಲ್ಲಿ ಒಂದು ತೇವ ಇರುತ್ತಿತ್ತು. ನನಗೂ ಸಂತೋಷವೇ. ಆ ತಾಯಿ ಉಳಿದಿರಲಾರಳು, ದೇವರು ಒಂದು ಕಡೆ ಕಿತ್ತುಕೊಂಡು ಇನ್ನೊಂದು ಕಡೆ ಇಟ್ಟಿದ್ದಾನೆ ಎಂದುಕೊಂಡೆ.

ಶಿವರಾತ್ರಿ ಕಳೆದ ವಾರ ತಾಯಿ ಬಂದಳು.

ಆಫೀಸರ ಹಿಂದೆ ಬೀದಿಯಲ್ಲಿ ನಡೆದು ಬಂದ ಆ ಹೆಂಗಸನ್ನು ಕಂಡು ನಾನು ಮೊದಲು ಮುದುಕಿ ಎಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ನನಗಿಂತ ಚಿಕ್ಕವಳು. ಮೂಳೆಯ ಮೇಲೆ ಸೀರೆ ಸುತ್ತಿದಂತಿದ್ದಳು. ಆಸ್ಪತ್ರೆಯಿಂದ ಬಿಟ್ಟ ದಿನವೇ ಗುಬ್ಬಿಗೆ ಹೋಗಿ, ಅಲ್ಲಿ ಕೇಳಿ, ತುಮಕೂರಿನ ಕೋರ್ಟಿಗೆ ಬಂದಿದ್ದಳು. ಜಗಲಿಯ ಮುಂದೆ ನಿಂತು, "ರತ್ನೀ" ಎಂದಳು. ಮಗು ಈಕೆಯ ಸೆರಗಿನ ಹಿಂದೆ ಅಡಗಿತು. "ಅಮ್ಮಾ, ಯಾರೋ ಬಂದವ್ರೆ" ಎಂದಿತು.

ಆ ತಾಯಿ ಅಳಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು. "ಕೆನ್ನೆ ತುಂಬ್ಕೊಂಡೈತೆ" ಎಂದಳು, ಅಷ್ಟೇ.

ಆಫೀಸರಿಗೆ ಕೈಕಾಲು ಆಡಲಿಲ್ಲ. "ಮಗು ಗುರುತೇ ಹಿಡೀತಿಲ್ಲವಲ್ಲ. ಹೀಗೆ ಹೆದರಿ ಅಡಗ್ತಿರೋ ಮಗೂನ ಕೈಗೆ ಕೊಟ್ಟು ಕಳಿಸಿದರೆ ನಾಳೆ ನನ್ನ ಕೇಳ್ತಾರೆ. ಈಗ ಬೆಂಗಳೂರಿಗೆ ಕಳಿಸಬೇಕಾಗುತ್ತೆ" ಎಂದರು. ಆಮೇಲೆ ದನಿ ತಗ್ಗಿಸಿ ಈಕೆಗೆ, "ಇಲ್ಲಾ, ನೀವೇ ಇಟ್ಕೊಳೋದಾದರೆ ನಾನು ಸಾಹೇಬರ ಹತ್ರ ಮಾತಾಡ್ತೀನಿ. ಈಯಮ್ಮನಿಗೂ ಮೈಯಲ್ಲಿ ಶಕ್ತಿ ಇಲ್ಲ. ಒಪ್ಪಬಹುದು" ಎಂದರು.

ತಾಯಿ ತಲೆ ಎತ್ತಲಿಲ್ಲ. "ಚೆನ್ನಾಗಿ ಸಾಕವ್ರೆ ಸಾಮಿ. ಇಲ್ಲೇ ಇರ್ಲಿ ಅಂದ್ರೆ ಇರ್ಲಿ" ಎಂದಳು.

ನಾನು ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಈಕೆ ಹೂಂ ಎಂದರೆ ಸಾಕಿತ್ತು, ರತ್ನಿ ಶಾಶ್ವತವಾಗಿ ಈಕೆಯದು. ಯಾರೂ ತಪ್ಪು ಎನ್ನುತ್ತಿರಲಿಲ್ಲ. ಈಕೆಯ ಆ ಅಗಲವಾದ ಕೈ ಮಗುವಿನ ನೆತ್ತಿಯ ಮೇಲೇ ಇತ್ತು. ಬಹಳ ಹೊತ್ತು ಇತ್ತು. ಆಮೇಲೆ ಕೇಳಿದಳು: "ಮುಂದ್ಲ ಸೋಮವಾರದಗಂಟ ಬುಟ್ಟಿರ್ತೀರಾ ಸಾಮಿ?"

"ಬಿಡ್ತೀನಿ. ಆದರೆ ಏನು ಮಾಡ್ತೀರಿ?"

"ನೀವು ಸೋಮವಾರ ಬನ್ನಿ." ತಾಯಿಯ ಕಡೆ ತಿರುಗಿ, "ಏಳವ್ವ. ಬಿಸ್ಲಲ್ಲಿ ಯಾಕೆ ಕುಂತಿದೀಯ? ಒಳಿಕ್ ಬಾ" ಎಂದಳು.

ಎರಡು ದಿನ ಆ ಮನೆಯಲ್ಲಿ ಮೂರು ಜನ ಇದ್ದರು. ಮಗು ತಾಯಿಯ ಹತ್ತಿರ ಸುಳಿಯಲಿಲ್ಲ. ತಾಯಿ ತುತ್ತು ಕೊಟ್ಟರೆ ಬಾಯಿ ಮುಚ್ಚುತ್ತಿತ್ತು, ಈಕೆ ಕೊಟ್ಟರೆ ತೆರೆಯುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಲಿಂಗಪೂಜೆ ಮುಗಿಸಿ ಎದ್ದರೆ ಈಕೆ ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ.

"ಕುಣಿಗಲ್‌ಗೆ ಹೋಯ್ತಾ ಇವ್ನಿ, ತಮ್ಮನ ಮನೆಗೆ."

"ಏನಕ್ಕಾ ಇದು! ಆ ಇಬ್ಬರನ್ನೇ ಬಿಟ್ಟು?"

"ಅದಕ್ಕೇ ಕಣಮ್ಮಿ. ನಾನಿದ್ರೆ ಅದು ನಂತಾವ್ಲೇ ಬತ್ತದೆ. ಬುದ್ಧಿಯಿಲ್ದೆ ಓಗೊಟ್ಟುಬುಟ್ಟೆ ನಾನು. ಈಗ ಆ ಕೂಗಿಗೆ ಆ ಮನೇಲಿ ಅವಳೊಬ್ಳೇ ಇರಬೇಕು." ಚೀಲವನ್ನು ಕೈಯಿಂದ ಕೈಗೆ ಬದಲಿಸಿದಳು. "ಒಂದು ಮಾತು ನಡುಸ್ಕೊಡು. ಅದು ಅಳ್ತಾ ನಿನ್ನ ಬಾಗ್ಲಿಗೆ ಬತ್ತದೆ. ಬಂದೇ ಬತ್ತದೆ. ಎತ್ಕೋಬ್ಯಾಡ."

"ನನ್ನ ಕೈಲಿ ಆಗಲ್ಲ ಅಕ್ಕಾ."

"ಆಯ್ತದೆ. ನನ್ ಕೈಲೇ ಆಯ್ತಾ ಅದೆಯಲ್ಲ."

ಮಡಿಲು ತುಂಬಿಸದೆ ಯಾವ ಮಗುವನ್ನೂ ಕಳಿಸದವಳು, ಈ ಮಗುವಿಗೆ ಹೋಗಿಬರುತ್ತೇನೆ ಎಂದೂ ಹೇಳದೆ ಹಿತ್ತಲ ಸಂದಿಯಿಂದ ಬಸ್‌ಸ್ಟ್ಯಾಂಡಿಗೆ ನಡೆದಳು.

ಮಗು ಬಂದೇ ಬಂತು. ನಮ್ಮ ಬಾಗಿಲನ್ನು ಪುಟ್ಟ ಕೈಗಳಲ್ಲಿ ಬಡಿಯಿತು. ನಾನು ಒಳಗೆ ಚಿಲಕ ಹಾಕಿ, ಕದಕ್ಕೆ ಬೆನ್ನು ಕೊಟ್ಟು ಕೂತು ಪಂಚಾಕ್ಷರಿ ಹೇಳಿದೆ. ಒಂದೊಂದು ಬಡಿತವೂ ಬೆನ್ನಿಗೆ ತಾಗುತ್ತಿತ್ತು. ಹೊರಗೆ ಮೇಷ್ಟರ ಹೆಂಡತಿಯ ದನಿ: "ಏನ್ರೀ, ಮಗು ಬಾಯಿ ಬಡ್ಕೋತಿದೆ, ಒಳಗೆ ಕೂತು ಮಂತ್ರ ಹೇಳ್ತೀರಲ್ಲ! ಶಿವ ಮೆಚ್ಚುತಾನಾ?" ಮೆಲ್ಲಗೆ ಎದ್ದೆ. ಕಿಟಕಿಯ ಸಂದಿಯಿಂದ ನೋಡಿದರೆ ತಾಯಿ ಬಂದು ಮಗುವಿನಿಂದ ಮಾರು ದೂರದಲ್ಲಿ ಬೀದಿಯ ಕಲ್ಲಿನ ಮೇಲೆ ಕೂತಿದ್ದಳು. ಕರೆಯಲಿಲ್ಲ, ಎಳೆಯಲಿಲ್ಲ. ಮಗು ಅತ್ತು ಸುಸ್ತಾಗಿ ಎದ್ದು ಮನೆಗೆ ಹೋದಾಗ ಹಿಂದೆಯೇ ಹೋದಳು.

ಆಮೇಲಿನ ದಿನಗಳಲ್ಲಿ ನನ್ನ ಕೆಲಸವೆಲ್ಲ ಕಿಟಕಿಯ ಪಕ್ಕವೇ. ಅಕ್ಕಿ ಆರಿಸುವುದು ಅಲ್ಲೇ, ಬಟ್ಟೆ ಮಡಿಸುವುದು ಅಲ್ಲೇ. ಒಂದು ದಿನ ಮಗು ತಾಯಿ ಇಟ್ಟ ತಟ್ಟೆಯಿಂದ ತಾನೇ ತೆಗೆದು ಉಂಡಿತು. ಇನ್ನೊಂದು ದಿನ ಜಗಲಿಯ ಒಂದು ತುದಿಯಲ್ಲಿ ತಾಯಿ, ಇನ್ನೊಂದು ತುದಿಯಲ್ಲಿ ಮಗು. ಆದರೂ ಬೀದಿಯಲ್ಲಿ ಬಸ್ಸಿಳಿದು ಬಂದವರು ಯಾರೇ ಕಂಡರೂ ಅದು ಎದ್ದು ನಿಂತು ನೋಡುತ್ತಿತ್ತು. ಸೋಮವಾರ ಹತ್ತಿರ ಬರುತ್ತಿತ್ತು.

ಭಾನುವಾರ ಮಧ್ಯಾಹ್ನ ಮಗು ಜಗಲಿಯಿಂದ ಕಾಲು ಜಾರಿ ಕೆಳಗೆ ಬಿತ್ತು. ಮಂಡಿ ತರಚಿ ರಕ್ತ ಬಂತು. "ಅಮ್ಮಾ" ಎಂದು ಕಿರುಚಿತು. ನಾನು ಎದ್ದೇಬಿಟ್ಟಿದ್ದೆ, ಆದರೆ ಕೊಟ್ಟ ಮಾತು ನೆನಪಾಗಿ ಕಿಟಕಿಯ ಸರಳು ಹಿಡಿದುಕೊಂಡೆ. ಒಳಗಿನಿಂದ, "ಬಂದೆ ಮಗಾ" ಎಂಬ ದನಿ ಕೇಳಿತು. ಓಡಲು ತ್ರಾಣವಿಲ್ಲದ ಆ ಹೆಂಗಸು ಓಡಿ ಬಂದಳು. ಮಗು ತಲೆ ಎತ್ತಿ, ಯಾರು ಬಂದರೆಂದು ನೋಡಿತು. ಒಂದು ಗಳಿಗೆ ಹಾಗೇ ನೋಡಿತು. ಆಮೇಲೆ ಎರಡೂ ಕೈ ಮೇಲೆತ್ತಿತು.

ಅದು ಕೂಗಿದ್ದು ಯಾರನ್ನೋ ಶಿವನೇ ಬಲ್ಲ. ಓಗೊಟ್ಟವಳು ಹೆತ್ತವಳು. ನಾನು ಅಲ್ಲೇ ಸೆರಗು ಕಣ್ಣಿಗೊತ್ತಿಕೊಂಡು ಕೂತೆ.

ಸೋಮವಾರ ಆಫೀಸರು ಬಂದಾಗ ರತ್ನಿ ತಾಯಿಯ ಸೊಂಟದ ಮೇಲಿತ್ತು. ಗುಬ್ಬಿಯ ಹತ್ತಿರದ ಹಳ್ಳಿಯಲ್ಲಿ ತಾಯಿಯ ಅಕ್ಕನ ಮನೆಗೆ ಇಬ್ಬರೂ ಹೋಗುವುದೆಂದಾಯಿತು. ನಾನೇ ಹೋಗಿ ಮಡಿಲು ತುಂಬಿದೆ. ಮಗುವಿಗೆ ತುಂಬಿ ತಾಯಿಯ ಕಡೆ ತಿರುಗಿದಾಗ ಆಕೆ ಹಿಂದೆ ಸರಿದಳು. "ನಂಗ್ಯಾಕಕ್ಕ, ಗಂಡ ಬುಟ್ಟವ್ಳು" ಎಂದಳು. "ಒಡ್ಡು ಸೆರಗು" ಎಂದೆ. ಕುಂಕುಮ ಇಟ್ಟೆ.

ಈಕೆ ಬಂದದ್ದು ಮಾರನೆಯ ದಿನ ಸಂಜೆ. ಬೀಗ ತೆಗೆದು ಒಳಗೆ ಹೋಗಲಿಲ್ಲ, ಚೀಲ ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಮಂಡಿ ತರಚಿದ್ದು, ಕೂಗಿದ್ದು, ಕೈ ಎತ್ತಿದ್ದು. ಎಲ್ಲ ಕೇಳಿದಳು.

"ಹೋಗುವಾಗ ಹಿಂದಕ್ಕೆ ತಿರುಗಿ ನೋಡ್ತಾ?"

ನೋಡಿತು ಎಂದುಬಿಡೋಣ ಅನ್ನಿಸಿತು. ಆದರೆ ಆಕೆಯ ಹತ್ತಿರ ಸುಳ್ಳು ಬರಲಿಲ್ಲ. "ಇಲ್ಲ ಅಕ್ಕಾ. ಅವರಮ್ಮನ ಬಳೆ ಎಣಿಸ್ತಾ ಹೋಯ್ತು" ಎಂದೆ.

"ಒಳ್ಳೇದಾಯ್ತು" ಎಂದಳು. ಕತ್ತಲಾಗುವವರೆಗೂ ಕಾಲು ಚಾಚಿ ಹಾಗೇ ಕೂತಿದ್ದಳು. ಏಳುವಾಗ, "ನಿಮ್ಮನೇಲಿ ಸಾರಿದ್ರೆ ಒಂದು ಸೌಟು ಕೊಡು ಕಣಮ್ಮಿ. ಒಬ್ಳಿಗೆ ಒಲೆ ಹಚ್ಚಕೆ ಬೇಜಾರು" ಎಂದಳು. ಮೊದಲ ಸಲ ಆಕೆ ನನ್ನ ಹತ್ತಿರ ಏನನ್ನಾದರೂ ತನಗಾಗಿ ಕೇಳಿದ್ದು. ಬಿಸಿ ಸಾರು ಇತ್ತು, ಮುದ್ದೆಯೂ ಇತ್ತು. ಕೊಡಲು ಇತ್ತಲ್ಲ ಎಂದು ಆ ದಿನ ಶಿವನಿಗೆ ಕೈಮುಗಿದೆ.

ಆಮೇಲೂ ಮಕ್ಕಳು ಬಂದರು. ಮುಂದಿನ ವಾರವೇ ಒಂದು ಬಂತು. "ನಾನು ಯಾರು? ಅತ್ತೆ. ಎಲ್ಲಿ, ಅನ್ನು" ಎಂಬ ದನಿ ಕೇಳಿ ನಾನು ಕಿಟಕಿ ತೆರೆದೆ. ಮೊದಲಿಗಿಂತ ಗಟ್ಟಿಯಾಗಿ ಹೇಳಿಸುತ್ತಿದ್ದಳು. ಮಂಡಿ ಕೈಕೊಡುವವರೆಗೂ ಹೇಳಿಸಿದಳು. ಆಮೇಲೆ ತಮ್ಮನ ಮಗ ಬಂದು ಕುಣಿಗಲ್‌ಗೆ ಕರೆದುಕೊಂಡು ಹೋದ. ರತ್ನಿಗೆ ಈಗ ದಾವಣಿ ಉಡುವ ವಯಸ್ಸು. ಎಲ್ಲಿದೆಯೋ. ಈ ಬೀದಿ, ಈ ಜಗಲಿ, ಈ ಅಗಲ ಕೈ, ಯಾವುದೂ ಅದಕ್ಕೆ ನೆನಪಿರಲಿಕ್ಕಿಲ್ಲ. ನೆನಪಿರಬಾರದೆಂದೇ ಅಲ್ಲವೇ ಈಕೆ ಆ ದಿನ ಬಸ್ಸು ಹತ್ತಿದ್ದು.

ಕುಣಿಗಲ್‌ನವನು ಹೊರಡುವ ಮುಂಚೆ ತಲೆ ಕೆರೆದುಕೊಂಡು ನಿಂತ. "ಅಕ್ಕಾ, ನಮ್ಮತ್ತೆ ಸಾಕಿದ ಮಕ್ಕಳು ಅಷ್ಟೊಂದು ಅವ್ರಲ್ಲ, ಒಬ್ಬರಿಗಾದ್ರೂ ಹೇಳಿ ಕಳ್ಸದಾ? ಹಾಲು-ತುಪ್ಪ ಬುಡಕ್ಕೆ ಮಕ್ಕಳು ಅಂತ ಯಾರೂ ಇಲ್ವಲ್ಲ. ನಿಮಗೆ ಯಾರ ಅಡ್ರೆಸ್ ಆದ್ರೂ ಗೊತ್ತಾ?"

"ಯಾರದೂ ಗೊತ್ತಿಲ್ಲ ಕಣಪ್ಪ" ಎಂದೆ. "ಗೊತ್ತಿದ್ದಿದ್ರೂ ನಿಮ್ಮತ್ತೆ ಬೇಡ ಅಂತಿದ್ರು. ನಾನು ಬರ್ತೀನಿ ನಡಿ, ಬೆಳಿಗ್ಗೆ ಮೊದಲನೇ ಬಸ್ಸಿಗೇ."

ಅವನು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ. ನಾಳೆ ನಾನಿರುವುದಿಲ್ಲ, ಮನೆಯವರ ಊಟಕ್ಕೆ ಮೊಸರಾದರೂ ಇರಬೇಕು. ಒಳಗೆ ಬಂದು ಹಾಲು ಕಾಯಲಿಟ್ಟೆ, ಹೆಪ್ಪು ಹಾಕಲು ಸೌಟು ತೊಳೆದುಕೊಂಡೆ.